ನೀವು ಯಾರ ಕಡೆ ಬ್ರೋಕರ್ರು?

ಮೈಸೂರಿನಲ್ಲಿ ಮನೆ, ಸೈಟು ಮಾರಿಸುವ ಕೆಲಸಕ್ಕೆ ಇಳಿದು 19 ವರ್ಷ ಆಯಿತು. ಮೊದಲ 11 ವರ್ಷ ಎಲ್ಲರ ಹಾಗೆ ನಾನೂ ಎರಡೂ ಕಡೆ ಕಮಿಷನ್ ತಗೊಂಡೆ. ಮಾರುವವರಿಂದ ಒಂದು ಪರ್ಸೆಂಟ್, ಕೊಳ್ಳುವವರಿಂದ ಒಂದು ಪರ್ಸೆಂಟ್. ಈಗ ಒಂದು ವ್ಯಾಪಾರಕ್ಕೆ ಒಂದೇ ಕಡೆ. ಯಾರ ಕಡೆ ಅಂತ ಮೊದಲ ದಿನವೇ ಬರೆದು ಕೊಡುತ್ತೇನೆ. ಇದಕ್ಕೆ ಕಾರಣ ಒಬ್ಬರು ಮೇಷ್ಟ್ರು.

ರಿಟೈರ್ ಆಗಿ ಮಗನ ಹತ್ತಿರ ಹೋಗೋಕೆ ಹೊರಟಿದ್ದರು. ಕುವೆಂಪುನಗರದಲ್ಲಿ 30-40 ಸೈಟಿನಲ್ಲಿ ಹಳೇ ಮನೆ. ಕಾಫಿ ಕೊಟ್ಟು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು: "ಬಂದವರಿಗೆ 95 ಲಕ್ಷ ಹೇಳಿ. 85 ಬಂದ್ರೂ ಕೊಟ್ಬಿಡ್ತೀನಿ. ನಿಮ್ಮಲ್ಲೇ ಇರ್ಲಿ." ಆಯ್ತು ಮೇಷ್ಟ್ರೇ ಅಂದೆ.

ಹದಿನೈದು ದಿನದಲ್ಲಿ ಒಂದು ಪಾರ್ಟಿ ಸಿಕ್ಕಿತು. ಬ್ಯಾಂಕ್ ಉದ್ಯೋಗಿ. ಮನೆ ನೋಡಿ ಬರುವಾಗ ನನ್ನ ಸ್ಕೂಟರ್ ಹಿಂದೆ ಕೂತೇ ಅವರೂ ಗುಟ್ಟು ಬಿಚ್ಚಿದರು: "ಹೆಂಡತಿಗೆ ತುಂಬ ಹಿಡಿಸಿದೆ. 92ರ ತನಕ ಹೋಗೋಣ. ಆದ್ರೆ ಅವರಿಗೆ ಹೇಳ್ಬೇಡಿ." ಅವರಿಗೂ ಆಯ್ತು ಸಾರ್ ಅಂದೆ.

ಒಂದೇ ತಲೆಯಲ್ಲಿ ಎರಡು ನಂಬರು. 85, 92. ಮಧ್ಯದ ಏಳು ಲಕ್ಷ ಯಾರ ಪಾಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಅವರಿಬ್ಬರೂ ಅಲ್ಲ, ನಾನು.

ಹೇಗೆ ಮಾಡಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬೇಗ ಮುಗಿಯೋ ದಾರಿ ಹಿಡಿದೆ. "ಮಾರ್ಕೆಟ್ ಡಲ್ ಆಗಿದೆ ಮೇಷ್ಟ್ರೇ" ಅಂದು 86ಕ್ಕೆ ಒಪ್ಪಿಸಿದೆ. ಎರಡೂ ಕಡೆ ಸೇರಿ ನನಗೆ 1,72,000 ಬಂತು. 92ಕ್ಕೇ ಎಳೆದಿದ್ದರೆ ಇನ್ನು 12,000 ಜಾಸ್ತಿ ಬರುತ್ತಿತ್ತು, ಅಷ್ಟೇ. ಆ 12,000ಕ್ಕೆ ಯಾರು ತಿಂಗಳುಗಟ್ಟಲೆ ಓಡಾಡುತ್ತಾರೆ? ಮೇಷ್ಟ್ರಿಗೆ ಮಾತ್ರ ಅದು ಆರು ಲಕ್ಷದ ಪ್ರಶ್ನೆ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ, ಹೆಬ್ಬೆಟ್ಟು ಎಲ್ಲ ಮುಗಿದ ಮೇಲೆ ಕೊಂಡವರು ಖುಷಿಯಲ್ಲಿ ಬಾಯಿ ಬಿಟ್ಟರು. "ನಾವು 92ಕ್ಕೂ ರೆಡಿ ಇದ್ವಿ ಸಾರ್!" ಮೇಷ್ಟ್ರು ಏನೂ ಅನ್ನಲಿಲ್ಲ. ಹೊರಗೆ ಬಂದು ನನ್ನ ಕಮಿಷನ್ ಚೆಕ್ಕನ್ನು ಬರೆದು ಕೊಟ್ಟು, ಪೆನ್ನಿನ ಕ್ಯಾಪ್ ಹಾಕುತ್ತಾ ಕೇಳಿದರು: "ನೀವು ಯಾರ ಕಡೆ ಬ್ರೋಕರ್ರು ಅಂತ ನಂಗೆ ಈಗ್ಲೂ ಗೊತ್ತಾಗ್ಲಿಲ್ಲ."

ಬೈದಿದ್ದರೆ ಮರೆತುಬಿಡುತ್ತಿದ್ದೆ.

ಕ್ರಯಪತ್ರ ಬರೆಯುವ ಲಾಯರ್ ಗೆಳೆಯನ ಹತ್ತಿರ ಹೋಗಿ, ಕಾನೂನಿನಲ್ಲಿ ನಾನು ಯಾರು ಅಂತ ಕೇಳಿದೆ. ಅವನು 1872ರ ಭಾರತೀಯ ಕರಾರು ಕಾಯ್ದೆ ತೆಗೆದ. 182ನೇ ಸೆಕ್ಷನ್‌ನಿಂದ ಏಜೆಂಟರ ವಿಷಯ ಶುರು. ಯಾರ ಪರವಾಗಿ ಮೂರನೆಯವರ ಜೊತೆ ವ್ಯವಹರಿಸುತ್ತೀಯೋ ಅವರು ನಿನ್ನ ಯಜಮಾನ, ನೀನು ಅವರ ಏಜೆಂಟ್. ಕಮಿಷನ್ ಯಾರು ಕೊಟ್ಟರು ಅನ್ನೋದರ ಮೇಲೆ ಇದು ನಿಂತಿಲ್ಲ. ಏಜೆಂಟ್ ಆಗೋಕೆ ದುಡ್ಡೇ ಬೇಕಾಗಿಲ್ಲ ಅನ್ನುತ್ತದೆ 185. ಕಾಗದವೂ ಬೇಡ, ಬಾಯಿಮಾತು ಸಾಕು, ನಡವಳಿಕೆಯೂ ಸಾಕು. ಅಂದರೆ ಸ್ಕೂಟರ್ ಮೇಲೆ "ನಿಮಗೆ ಒಳ್ಳೇ ರೇಟಿಗೆ ಮಾಡಿಸಿಕೊಡ್ತೀನಿ ಬಿಡಿ ಸಾರ್" ಅಂದಾಗ ಬಹುಶಃ ನಾನು ಅವರಿಗೂ ಏಜೆಂಟ್ ಆಗಿಬಿಟ್ಟಿದ್ದೆ.

ಆ ಕಾಯ್ದೆ ಕೊಡುವ ಉದಾಹರಣೆಗಳೂ ನಮ್ಮ ಕಸುಬಿನವೇ. 215ರಲ್ಲಿ ಒಬ್ಬ ತನ್ನ ಜಮೀನು ಮಾರಿಸಿಕೊಡು ಅಂತ ಏಜೆಂಟನಿಗೆ ಹೇಳುತ್ತಾನೆ. ಏಜೆಂಟ್ ಹೋಗಿ ನೋಡಿದರೆ ಅಲ್ಲಿ ಗಣಿ ಇದೆ! ಅದನ್ನು ಬಚ್ಚಿಟ್ಟು, ನಾನೇ ತಗೋತೀನಿ ಅಂತ ಕೊಂಡುಕೊಳ್ಳುತ್ತಾನೆ. ಮುಂದೆ ಗೊತ್ತಾದಾಗ ಆ ಮಾರಾಟವನ್ನು ಮಾಲೀಕ ಮುರಿಯಬಹುದು. 216ರಲ್ಲಿ ಉಲ್ಟಾ: ಮನೆ ಕೊಡಿಸು ಅಂದವನಿಗೆ "ಅದು ಸಿಗಲ್ಲ" ಅಂತ ಸುಳ್ಳು ಹೇಳಿ ಏಜೆಂಟ್ ತಾನೇ ಕೊಳ್ಳುತ್ತಾನೆ. ಗೊತ್ತಾದಾಗ ಆ ಯಜಮಾನ, ಏಜೆಂಟ್ ಕೊಂಡ ಬೆಲೆಗೇ ಆ ಮನೆಯನ್ನು ತನಗೆ ಕೊಡು ಅಂತ ಒತ್ತಾಯಿಸಬಹುದು. ನಮ್ಮಲ್ಲಿ ಇದರದೇ ಒಂದು ನಮೂನೆ ಇದೆ. "ನಿಮಗೆ 80 ಕೈಗೆ ಕೊಡ್ತೀನಿ, ಅದರ ಮೇಲೆ ಬಂದದ್ದು ನನ್ನದು" ಅಂತ ಮಾಲೀಕರ ಜೊತೆ ಮಾತಾಡಿಕೊಂಡು, ಕೊಳ್ಳುವವರ ಮುಂದೆ ಅವರ ಹಿತೈಷಿ ಥರ ಕೂರುವುದು. ಮಾಲೀಕರು ತಿಳಿದೇ ಒಪ್ಪಿದ್ದರೆ ಅದೊಂದು ಲೆಕ್ಕ. ಕೊಳ್ಳುವವರಿಂದಲೂ "ನಿಮ್ಮ ಕಡೆ ನಾನಿದ್ದೀನಿ" ಅಂತ ಕಮಿಷನ್ ತಗೊಂಡರೆ ಅದಕ್ಕೆ ನನ್ನ ಹತ್ತಿರ ಒಳ್ಳೆ ಹೆಸರಿಲ್ಲ.

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ರೇರಾ ಬಂತಲ್ಲ, ಅದು ಹೇಳಲ್ವಾ ಅಂತ ತುಂಬ ಜನ ಕೇಳುತ್ತಾರೆ. 2016ರ ಆ ಕಾಯ್ದೆಯಲ್ಲಿ ಏಜೆಂಟ್ ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರ ಜೊತೆ ಮಾತಾಡಿ ವ್ಯವಹಾರ ಕುದುರಿಸುವವನು ಅಂತಲೇ ಇದೆ. ಆದರೆ ನೋಂದಣಿ ಕಡ್ಡಾಯ ಇರುವುದು ರೇರಾಗೆ ಒಳಪಡುವ ಬಿಲ್ಡರ್ ಪ್ರಾಜೆಕ್ಟುಗಳನ್ನು ಮಾರಿಸುವವರಿಗೆ. ಮೇಷ್ಟ್ರ ಮನೆಯಂಥ ಹಳೇ ಮನೆಗಳ ವ್ಯಾಪಾರ ಅದರ ಹೊರಗೇ ಉಳಿಯುತ್ತದೆ. ಅಂದಹಾಗೆ, ಹೊಸ ಫ್ಲ್ಯಾಟ್ ತೋರಿಸುವ ಏಜೆಂಟ್ "ನಿಮ್ಮಿಂದ ಒಂದು ರೂಪಾಯಿ ಕಮಿಷನ್ ಬೇಡ" ಅಂದರೆ ಖುಷಿಪಡಬೇಡಿ. ಅವನಿಗೆ ಬಿಲ್ಡರ್ ಕೊಡುತ್ತಾನೆ. ಅವನು ಬಿಲ್ಡರ್ ಕಡೆಯವನು.

ಎರಡೂ ಕಡೆ ಕಮಿಷನ್ ತಗೊಳ್ಳೋದೇ ಅಪರಾಧ ಅಂತ ಕರಾರು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಒಪ್ಪಬೇಕು, ಪೇಚು ಇರುವುದು ಅಲ್ಲೇ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಏಜೆಂಟ್ ತಪ್ಪಾಗಿ ನಡೆದುಕೊಂಡರೆ ಆ ಕೆಲಸದ ಕಮಿಷನ್ ಕೇಳುವ ಹಕ್ಕೂ ಇಲ್ಲ ಅಂತ 220ನೇ ಸೆಕ್ಷನ್ ಹೇಳುತ್ತದೆ. ಗೆಳೆಯ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದ.

ಯಾರ ಕಡೆ ಅಂತ ಬರೆದು ಕೊಡುವ ಕಾಗದದ ಐಡಿಯಾ ಬಂದದ್ದು ಅಕ್ಕನ ಮಗಳಿಂದ. ಅವಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ ಹುಡುಕುತ್ತಿದ್ದಳು. ಏಜೆಂಟ್ ಮೊದಲೇ ಕೊಟ್ಟ ಒಂದು ತಿಳಿವಳಿಕೆ ಪತ್ರದ ಫೋಟೋ ವಾಟ್ಸಾಪ್ ಮಾಡಿದಳು. ಆಗ ಆ ರಾಜ್ಯದಲ್ಲಿ ಏಜೆಂಟ್ ನಾಲ್ಕು ಥರ ಇರಬಹುದಿತ್ತು: ಮಾರುವವರ ಕಡೆ, ಕೊಳ್ಳುವವರ ಕಡೆ, ಇಬ್ಬರಿಗೂ ಹೇಳಿ ಒಪ್ಪಿಗೆ ಪಡೆದು ಇಬ್ಬರ ಕಡೆ, ಇಲ್ಲವೇ ಯಾರ ಕಡೆಯೂ ಅಲ್ಲದೆ ಬರೀ ವ್ಯವಹಾರ ನಡೆಸಿಕೊಡುವವನು. ಯಾವುದು ಅಂತ ಮೊದಲೇ ಹೇಳಬೇಕಿತ್ತು. "ಮಾಮ, ನೀನು ಇದರಲ್ಲಿ ಎಷ್ಟನೇ ನಂಬರು?" ಅಂತ ಕೇಳಿದಳು. ನಾಲ್ಕರಲ್ಲಿ ಯಾವುದೂ ಅಲ್ಲ ಅಂತ ಬರೆಯೋಕೆ ನಾಚಿಕೆ ಆಯಿತು.

ಅದನ್ನು ನೋಡಿಕೊಂಡು ಕನ್ನಡದಲ್ಲಿ ಒಂದು ಪುಟ ಮಾಡಿದೆ. ಯಾರ ಕಡೆ ಇದ್ದೇನೆ, ಕಮಿಷನ್ ಎಷ್ಟು, ಯಾರಿಂದ. ಬೇರೆ ಕಡೆಯಿಂದ ಒಂದು ಪೈಸೆ ತಗೊಳ್ಳಲ್ಲ. ಬಂದ ಪ್ರತಿ ಆಫರ್ ಅದೇ ದಿನ ತಿಳಿಸುತ್ತೇನೆ. ಎದುರು ಕಡೆಯವರಿಗೂ ಅದನ್ನು ಓದಲು ಕೊಟ್ಟು, ಓದಿದ್ದೇನೆ ಅಂತ ಸಹಿ ತಗೊಳ್ಳುತ್ತೇನೆ. ಮೊದಲ ವರ್ಷ ಸಂಪಾದನೆ ಸುಮಾರು ಅರ್ಧಕ್ಕೆ ಇಳಿಯಿತು. ಆಮೇಲೆ ಮಾರುವವರಿಂದ ಒಂದರ ಬದಲು ಒಂದೂವರೆ ಪರ್ಸೆಂಟ್ ಕೇಳಲು ಧೈರ್ಯ ಬಂತು. ಕೊಡುತ್ತಾರೆ. ಜೊತೆಯ ಬ್ರೋಕರ್‌ಗಳು ಈಗಲೂ ನನ್ನನ್ನು "ಫಾರಂ ಸ್ವಾಮಿ" ಅನ್ನುತ್ತಾರೆ.

ಒಬ್ಬರ ಕಡೆ ನಿಂತರೆ ಅವರ ಸುಳ್ಳನ್ನೂ ಹೊರಬೇಕಾ? ಇದಕ್ಕೆ ಉತ್ತರ ಸಿಕ್ಕಿದ್ದು ವಿಜಯನಗರದ ಒಂದು ಮನೆಯಲ್ಲಿ. ಬೆಡ್‌ರೂಮಿನ ಗೋಡೆಗೆ ಬೀರು ಒತ್ತಿ ನಿಲ್ಲಿಸಿದ್ದರು. ಇಡೀ ರೂಮಿಗೆ ಹಳೇ ಬಣ್ಣ, ಬೀರುವಿನ ಹಿಂದೆ ಮಾತ್ರ ಹೊಸ ಪೇಂಟಿನ ವಾಸನೆ. ಸಂದಿಯಲ್ಲಿ ಕೈ ಹಾಕಿದೆ. ಅಂಗೈ ತಣ್ಣಗಾಯಿತು, ಉಗುರಿಗೆ ಸುಣ್ಣ ಹಿಟ್ಟಿನ ಹಾಗೆ ಉದುರಿತು. ಪಕ್ಕದಲ್ಲೇ ಬಾತ್‌ರೂಮ್. ಪೈಪ್ ಒಳಗೇ ಸೋರುತ್ತಿದೆ.

"ನೀವು ನಮ್ಮ ಕಡೆ ಅಲ್ವಾ, ಹೇಳ್ಬೇಡಿ" ಅಂದರು ಮನೆಯಾಕೆ. "ಕೂತ್ಕೊಳ್ಳಿ ಅಮ್ಮ" ಅಂದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ವಿವರಿಸಿದೆ. ಬೇರೆ ಕರಾರು ಇಲ್ಲದಿದ್ದರೆ, ಕೊಳ್ಳುವವರು ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷ ನಿಮಗೆ ಗೊತ್ತಿದ್ದರೆ ನೀವೇ ಹೇಳಬೇಕು. ಹೇಳದಿದ್ದರೆ ಅದನ್ನು ಮೋಸ ಅಂತಲೇ ಕಾಯ್ದೆ ಕರೆಯುತ್ತದೆ. ಕರಾರು ಕಾಯ್ದೆಯ 238ರ ಪ್ರಕಾರ ನಿಮ್ಮ ಪರವಾಗಿ ನಾನು ಹೇಳಿದ ಸುಳ್ಳು ನೀವೇ ಹೇಳಿದ ಹಾಗೆ. ನಿಮ್ಮ ಕೊನೆ ರೇಟು, ಮಗಳ ಮದುವೆಯ ಅರ್ಜೆಂಟು, ಬ್ಯಾಂಕಿನ ಸಾಲ, ಇವು ನನ್ನ ಹೊಟ್ಟೆಯಲ್ಲೇ ಇರುತ್ತವೆ. ಗೋಡೆ ಇರಲ್ಲ.

ಪ್ಲಂಬರ್ ಕರೆಸಿದರು. ಟೈಲ್ಸ್ ಒಡೆದು ಪೈಪ್ ಬದಲಿಸಿ, ಆ ಬಿಲ್ಲನ್ನೇ ಬಂದವರಿಗೆ ತೋರಿಸಿದೆವು.

ಒಂದೆರಡು ಸಲ ಈಗಲೂ ಎರಡೂ ಕಡೆಯವರಿಗೆ ಕೆಲಸ ಮಾಡಿದ್ದೇನೆ. ಅಣ್ಣನ ಭಾಗ ತಮ್ಮ ಕೊಂಡಂಥ ಕಡೆ. ಆಗ ಇಬ್ಬರೂ ಸಹಿ ಹಾಕುತ್ತಾರೆ. ಇಸಿ (ಋಣಭಾರ ಪತ್ರ), ಖಾತಾ, ರಿಜಿಸ್ಟ್ರೇಷನ್ ಓಡಾಟ ನನ್ನದು. ರೇಟಿನ ಮಾತು ಶುರುವಾದರೆ ನಾನು ಎದ್ದು ವರಾಂಡಕ್ಕೆ ಹೋಗುತ್ತೇನೆ.

ಹೋದ ತಿಂಗಳು ಸರಸ್ವತಿಪುರಂ ಮನೆಯೊಂದನ್ನು ನೋಡಿ ಇಳಿಯುವಾಗ ಕೊಳ್ಳುವವರು ಹೆಗಲ ಮೇಲೆ ಕೈ ಹಾಕಿದರು. "ಕೊನೆ ರೇಟ್ ಏನು, ನಮ್ಮಿಬ್ಬರಲ್ಲೇ ಇರ್ಲಿ ಹೇಳಿ." ನಾನು ಮಾರುವವರ ಕಡೆ ಸಾರ್, ಹೇಳೋ ಹಾಗಿಲ್ಲ ಅಂದೆ. "ಸರಿ, ನಮ್ಮದು ಎಷ್ಟು ಅಂತಾದ್ರೂ..." ಅಂತ ಬಾಯಿ ತೆರೆದರು. ಕೈ ಅಡ್ಡ ಹಿಡಿದೆ. "ಹೇಳ್ಬೇಡಿ ಸಾರ್. ಹೇಳಿದ್ರೆ ಸಂಜೆಯೊಳಗೆ ಅವರ ಕಿವಿಗೆ ಹಾಕ್ಬಿಡ್ತೀನಿ." ಒಂದು ನಿಮಿಷ ನನ್ನನ್ನೇ ನೋಡಿ ನಕ್ಕರು. ಮಾರನೇ ದಿನ ಮಾತುಕತೆಗೆ ಅವರ ಭಾವಮೈದನನ್ನು ಕರೆದುಕೊಂಡು ಬಂದರು. ಆಸಾಮಿ ಸಿಕ್ಕಾಪಟ್ಟೆ ಚೌಕಾಶಿ ಮಾಡಿದ. ನನಗೆ ಬೆವರು ಇಳಿಯಿತು.