10 ಸೆಕೆಂಡಿನ ಅಂಗಡಿ

ಎಫ್‌ಎಂ ರೇಡಿಯೋದಲ್ಲಿ ಜಾಹೀರಾತಿನ ರೇಟು 10 ಸೆಕೆಂಡಿನ ಲೆಕ್ಕ. ಆ 10 ಸೆಕೆಂಡು ಮಾರುವುದು, ಬರೆಯುವುದು ನನ್ನ ಕೆಲಸವಾಗಿತ್ತು. 2006ರಲ್ಲಿ ಬೆಂಗಳೂರಿನ ಒಂದು ಖಾಸಗಿ ಸ್ಟೇಷನ್ ಸೇರಿದೆ.

ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೋ ಸಿಟಿ, 2001ರ ಜುಲೈನಲ್ಲಿ ಶುರುವಾಗಿದ್ದು ನಮ್ಮ ಊರಲ್ಲೇ. ಆಗ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು, ಗಳಿಕೆ ಇರಲಿ ಬಿಡಲಿ. 2005ರಲ್ಲಿ ಅದನ್ನು ಆದಾಯದ ಶೇ. 4ಕ್ಕೆ ತಂದರು. ಸ್ಟೇಷನ್‌ಗಳು ಒಂದರ ಹಿಂದೆ ಒಂದು ಬಂದವು. ಪೈಪೋಟಿ ಬಂತು, ಅದರ ಜೊತೆ ಕನ್ನಡ ಹಾಡೂ ಬಂತು.

ಗಾಂಧಿ ಬಜಾರ್, ಮಲ್ಲೇಶ್ವರ, ಚಿಕ್ಕಪೇಟೆ ಎಲ್ಲ ನಡೆದೇ ಸುತ್ತುತ್ತಿದ್ದೆ. ಅಂಗಡಿಯಲ್ಲಿ ರೇಟ್ ಕಾರ್ಡ್ ತೆಗೆಯುತ್ತಿರಲಿಲ್ಲ. ಸ್ಟೂಲ್ ಮೇಲೆ ಸುಮ್ನೆ ಕೂತು, ಯಜಮಾನರು ಗಿರಾಕಿಗಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ಕೇಳುತ್ತಿದ್ದೆ. ಚಿಕ್ಕಪೇಟೆಯ ಒಬ್ಬ ಪಾತ್ರೆ ವ್ಯಾಪಾರಿ ಪ್ರತಿ ಬಿಂದಿಗೆಯನ್ನೂ ಬೆರಳಿನಿಂದ ಬಡಿದು, “ಸದ್ದು ಕೇಳಿ ತಗೊಳ್ಳಮ್ಮಾ” ಅನ್ನುತ್ತಿದ್ದರು. ಆ ಸದ್ದು, ಆ ಮಾತು, ಕೊನೆಗೆ ವಿಳಾಸ. ಅಷ್ಟೇ ನಮ್ಮ ಸ್ಪಾಟ್, ಅಂದರೆ ರೇಡಿಯೋ ಜಾಹೀರಾತು. 10 ಸೆಕೆಂಡಿಗೆ 18 ಪದ ದಾಟಿದರೆ ವಿಳಾಸ ಕಿವಿಗೆ ನಿಲ್ಲುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಮೂರು ವಾರ ಹಾಕಿದೆವು. ಹಬ್ಬ ಮುಗಿದ ಮೇಲೆ ಹೋದರೆ ಅವರು ಕೈ ಹಿಡಿದುಕೊಂಡರು: “ಬಂದವರೆಲ್ಲ ಬಿಂದಿಗೆ ಬಡಿದು ನೋಡ್ತಾರೆ ಸಾರ್!”

ಖಾಸಗಿ ಎಫ್‌ಎಂ ಸ್ವಂತವಾಗಿ ಸುದ್ದಿ ಓದುವಂತಿಲ್ಲ. ಆದರೆ ಮಳೆ, ಟ್ರಾಫಿಕ್ ಹೇಳಬಹುದು. ಮಳೆ ಬಂದ ಸಂಜೆ ಆಟೋದವರು ಫೋನ್ ಮಾಡುತ್ತಿದ್ದರು. ಸಿಲ್ಕ್ ಬೋರ್ಡ್ ಹತ್ರ ನೀರು ನಿಂತಿದೆ, ಆ ಕಡೆ ಬರಬೇಡಿ ಅಂತ. ಅದನ್ನು ಕೇಳಲು ಕಿವಿಗೊಟ್ಟವರೇ ನಮ್ಮ ಪಾತ್ರೆ ಅಂಗಡಿಯನ್ನೂ ಕೇಳುತ್ತಿದ್ದರು.

2016ರ ಸೆಪ್ಟೆಂಬರ್‌ನಲ್ಲಿ ಮೊಬೈಲ್ ಡೇಟಾ ಅಗ್ಗವಾಯಿತು. ನವೆಂಬರ್‌ನಲ್ಲಿ ನೋಟು ರದ್ದಾಯಿತು. ಸಣ್ಣ ಅಂಗಡಿಯವರು ಮೊದಲು ನಿಲ್ಲಿಸಿದ್ದು ಜಾಹೀರಾತನ್ನೇ. ಲೈಸೆನ್ಸ್ ಶುಲ್ಕ ಮಾತ್ರ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಖಾಸಗಿ ಎಫ್‌ಎಂಗೆ ಸರ್ಕಾರ ತಂದ ಮೂರನೇ ಹಂತದ ನಿಯಮದಲ್ಲಿ ಆದಾಯದ ಶೇ. 4, ಇಲ್ಲವೇ ಚಾನೆಲ್ ಪಡೆಯಲು ಒಮ್ಮೆ ಕಟ್ಟುವ ಪ್ರವೇಶ ಶುಲ್ಕದ ಶೇ. 2.5, ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕಿತ್ತು. ಹಾಡುಗಳ ರಾಯಲ್ಟಿ ಬೇರೆ. ಖರ್ಚು ಉಳಿಸಲು ನಮ್ಮವರು ರಾತ್ರಿ ಮಾತಾಡುವ ನಿರೂಪಕರನ್ನು, ಅಂದರೆ ಆರ್‌ಜೆಗಳನ್ನು, ಕೆಲಸದಿಂದ ತೆಗೆದರು. ಬೇರೆ ಊರಲ್ಲಿ ರೆಕಾರ್ಡ್ ಮಾಡಿದ ಒಂದೇ ಕಾರ್ಯಕ್ರಮ ಎಲ್ಲಾ ಕಡೆ ಓಡತೊಡಗಿತು. ಮೂರನೇ ಹಂತದ ನಿಯಮ ಅದಕ್ಕೂ ಅವಕಾಶ ಕೊಟ್ಟಿತ್ತು. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳೇ ಮುಚ್ಚಿದವು.

ಮೊಬೈಲ್ ಬಂದು ರೇಡಿಯೋ ಹೋಯಿತು ಅನ್ನುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಎಲ್ಲ ನೀರಲ್ಲಿ ಮುಳುಗಿತ್ತಲ್ಲ, ಅವತ್ತು ರಾತ್ರಿ ಮನೆಯಲ್ಲಿ ನಮ್ಮ ಸ್ಟೇಷನ್ ಹಾಕಿದೆ. ಯಾರೋ ನಗುತ್ತಾ ಪ್ರೀತಿ ಪ್ರೇಮದ ಪತ್ರ ಓದುತ್ತಿದ್ದರು. ಮಳೆಯ ಬಗ್ಗೆ ಒಂದು ಮಾತಿಲ್ಲ. ನನಗೆ ಅಳು ಬಂತು. ಮುಂದಿನ ವರ್ಷ ಕೆಲಸ ಬಿಟ್ಟೆ.

2024ರಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಸ್ಟೇಷನ್ ಶುರು ಮಾಡಬೇಕು ಅಂದುಕೊಂಡಿರುವ ದಾವಣಗೆರೆಯ ಗೆಳೆಯರೊಬ್ಬರು ಫೋನ್ ಮಾಡಿ, ಮೊದಲು ಯಾವ ಮಷೀನ್ ತಗೋಬೇಕು ಅಂತ ಕೇಳಿದರು. ಮಷೀನ್ ಆಮೇಲೆ ನೋಡೋಣ, ರಾತ್ರಿ ಪಾಳಿಗೆ ಊರಿನವರೇ ಒಬ್ಬರನ್ನು ಇಟ್ಟುಕೊಳ್ಳಿ, ಬಜಾರ್ ಸುತ್ತುವುದಕ್ಕೆ ಇಬ್ಬರು ಸಾಕು ಅಂದೆ. ಬೇಕಿದ್ದರೆ ಮೊದಲ ವಾರ ನಾನೇ ಬಂದು ಅವರ ಜೊತೆ ಸುತ್ತುತ್ತೇನೆ ಅಂತಲೂ ಹೇಳಿದ್ದೇನೆ.