ಕತ್ತಿನ ಕಪ್ಪಿಗೆ ಮೊದಲು ಟೇಪ್, ಆಮೇಲೆ ಕ್ರೀಮ್: ನನ್ನ ಅನುಭವ

ಕತ್ತು ಕಪ್ಪಾಗಿದೆ ಅಂತ ಬಂದವರಿಗೆ ನಾನು ಮೊದಲು ಕ್ರೀಮ್ ಬರೆಯುವುದಿಲ್ಲ. ಟೈಲರ್ ಟೇಪ್ ತೆಗೆದು ಹೊಟ್ಟೆಯ ಸುತ್ತಳತೆ ನೋಡುತ್ತೇನೆ. ಮೈಸೂರಿನ ನನ್ನ ಸ್ನೇಹಿತ ವೈದ್ಯರೇ ಇದನ್ನು ಒಪ್ಪಿರಲಿಲ್ಲ. "ಅವರು ಬರೋದು ಬಣ್ಣಕ್ಕೆ. ನೀವು ತೂಕದ ಪಾಠ ಮಾಡಿದ್ರೆ ಪಕ್ಕದ ಕ್ಲಿನಿಕ್‌ಗೆ ಹೋಗ್ತಾರೆ ಅಷ್ಟೇ" ಅಂದಿದ್ದರು. ಶುರುವಿನಲ್ಲಿ ಎಷ್ಟೋ ಜನ ಹೋಗಿದ್ದೂ ನಿಜ. ಈಗ ಅದೇ ಸ್ನೇಹಿತರು ಕತ್ತಿನ ಕೇಸ್ ಬಂದರೆ ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಕತ್ತು ಹೀಗೆ ಕಪ್ಪಾಗಿ ದಪ್ಪವಾಗುವುದಕ್ಕೆ ಅಕಾಂಥೋಸಿಸ್ ಅನ್ನುತ್ತೇವೆ. ಅದರ ಬಗ್ಗೆ ವೈದ್ಯರಾದ ನಿಮಗೆ ಹೇಳಿಕೊಡುವಂಥದ್ದೇನಿಲ್ಲ. ಅಲ್ಲಿ ಕಪ್ಪಾಗಿ ಕಾಣುವುದು ಬಹುಪಾಲು ದಪ್ಪವಾದ ಚರ್ಮ, ಬಣ್ಣ ಕೊಡುವ ಮೆಲನಿನ್ ಪಾಲು ಕಡಿಮೆ. ಹೊಟ್ಟೆಯ ಕೊಬ್ಬಿನ ಜೊತೆ ಇನ್ಸುಲಿನ್ ಜಾಸ್ತಿಯಾಗಿ ಚರ್ಮದ ಕೋಶಗಳನ್ನು ಬೆಳೆಸುತ್ತಲೇ ಇರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಚಿಕಿತ್ಸೆ ಅಂದಾಗ ಎಲ್ಲರೂ ಬಣ್ಣದ ಬೆನ್ನು ಹತ್ತುತ್ತೇವೆ, ಅಲ್ವಾ?

ನಾನೂ ಎಲ್ಲವನ್ನೂ ಮಾಡಿ ನೋಡಿದೆ. ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವ ಗ್ಲೈಕೋಲಿಕ್ ಪೀಲ್ ಮೂವತ್ತೈದು ಪರ್ಸೆಂಟ್, ತಿಂಗಳಿಗೆ ಎರಡು ಸಲ. ಒಂದು ಸಿಟ್ಟಿಂಗ್‌ಗೆ ಒಂದೂವರೆ ಸಾವಿರದ ಹತ್ತಿರ. ಆರು ಸಿಟ್ಟಿಂಗ್ ಆಗುವ ಹೊತ್ತಿಗೆ ಸ್ವಲ್ಪ ತಿಳಿಯಾಗುತ್ತಿತ್ತು, ಬಿಟ್ಟ ಮೂರನೇ ತಿಂಗಳಿಗೆ ಮತ್ತೆ ಅದೇ ಕಪ್ಪು. ಆಮೇಲೆ ಬ್ಯಾಂಕ್ ಸಾಲದಲ್ಲಿ, ಬಣ್ಣದ ಕಣ ಒಡೆಯುವ ಕ್ಯೂ ಸ್ವಿಚ್ಡ್ ಲೇಸರ್ ತಂದೆ. ಸೆಕೆಂಡ್ ಹ್ಯಾಂಡ್, ಸುಮಾರು ಎಂಟು ಒಂಬತ್ತು ಲಕ್ಷ. ಅದರ ಕಂತು ಕಟ್ಟಲು ಭಾನುವಾರವೂ ಮಂಡ್ಯದಲ್ಲಿ ಕೂತು ಪೇಷೆಂಟ್ ನೋಡಿದ್ದೇನೆ. ತೆಳ್ಳಗಿನವರಲ್ಲಿ ಲೇಸರ್ ಒಂದಿಷ್ಟು ನಿಂತಿತು. ಹೊಟ್ಟೆ ಇರುವವರಲ್ಲಿ ನಿಲ್ಲಲೇ ಇಲ್ಲ. ಈಗ ಆ ಮಷೀನ್ ಹಚ್ಚೆ ತೆಗೆಯುವುದಕ್ಕೆ ದುಡಿಯುತ್ತಿದೆ, ಸಾಲ ತೀರಿದ್ದೂ ಅದರಿಂದಲೇ.

ಮೈಸೂರಿನಲ್ಲಿ ಕೂತವರಿಗೆ ಒಂದು ಅನುಕೂಲ ಇದೆ. ಒಂದೇ ದಿನ ಮೂರು ಬಗೆಯ ಚರ್ಮ ನೋಡಬಹುದು. ಗೋಕುಲಂಗೆ ಯೋಗ ಕಲಿಯಲು ಬರುವ ಯುರೋಪಿನವರು, ಬೈಲಕುಪ್ಪೆಯ ಟಿಬೆಟನ್ನರು, ಮತ್ತೆ ನಮ್ಮ ಮಳವಳ್ಳಿ, ನಾಗಮಂಗಲದವರು. ಮೆಲನಿನ್ ಮಾಡುವ ಕೋಶಗಳ ಸಂಖ್ಯೆ ಮೂವರಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಮೆಲನಿನ್ ಚೀಲಗಳು ದೊಡ್ಡವು, ಬಿಡಿಬಿಡಿಯಾಗಿ ಹರಡಿರುತ್ತವೆ, ಬೇಗ ಕರಗುವುದಿಲ್ಲ. ಅದಕ್ಕೇ ಒಂದು ಗೀರು ಬಿದ್ದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗೋಕುಲಂನ ಒಬ್ಬರಿಗೆ ಐವತ್ತು ಪರ್ಸೆಂಟ್ ಪೀಲ್ ಮಾಡಿದಾಗ ಮುಖ ಕೆಂಪಾಗಿ ಮೂರ್ನಾಲ್ಕು ದಿನದಲ್ಲಿ ಸರಿಹೋಯಿತು. ಬೇರೆ ಕಡೆ ಅಷ್ಟೇ ಸ್ಟ್ರಾಂಗ್ ಪೀಲ್ ಮಾಡಿಸಿಕೊಂಡು ಬಂದ ಮದ್ದೂರಿನ ಹುಡುಗಿಯ ಕತ್ತಿನ ಮೇಲೆ ಬ್ರಷ್ ಓಡಿದ ಗೆರೆ ಗೆರೆಯೂ ಕಂದಾಗಿ ಅಚ್ಚು ಬಿದ್ದಿತ್ತು. ಆ ಕಲೆ ಹೋಗಲು ವರ್ಷ ಹಿಡಿಯಿತು. ಅಮೆರಿಕದ ಚರ್ಮವೈದ್ಯ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಚರ್ಮದ ವರ್ಗ ಮಾಡಿದ್ದು ಬಿಳಿ ಚರ್ಮವನ್ನು ಮುಂದಿಟ್ಟುಕೊಂಡು. ಕಂದು, ಕಪ್ಪು ಚರ್ಮದ ಐದು, ಆರನೇ ವರ್ಗ ಸೇರಿದ್ದು ಆಮೇಲೆ. ಪೀಲ್ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಇದು ನೆನಪಿರಲಿ.

ತೂಕದ ಲೆಕ್ಕವೂ ಹೀಗೇ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, 24 ಇದ್ದರೆ ಬಿಳಿಯರ ಪಟ್ಟಿಯಲ್ಲಿ ನಾರ್ಮಲ್. ನಮಗೆ 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು. ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮದೇ ಊರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಇಂಗ್ಲೆಂಡಿನ ಮಕ್ಕಳ ಜೊತೆ ಹೋಲಿಸಿದ್ದಾರೆ. ನಮ್ಮ ಕೂಸು ತೂಕದಲ್ಲಿ ಕಡಿಮೆ, ಆದರೆ ಬೆನ್ನಿನ ಮೇಲಿನ ಕೊಬ್ಬು ಅಷ್ಟು ಕಡಿಮೆಯಲ್ಲ. ಅಂದರೆ ಸಣ್ಣಗೆ ಕಾಣುವ ದೇಹದಲ್ಲೂ ಕೊಬ್ಬು ಹುಟ್ಟಿನಿಂದಲೇ ಕೂತಿರುತ್ತದೆ. "ಡಾಕ್ಟ್ರೇ, ನಾನೇನ್ ದಪ್ಪ ಇದೀನಾ? ಕತ್ತಿಗೆ ಕ್ರೀಮ್ ಕೇಳಕ್ ಬಂದ್ರೆ ಹೊಟ್ಟೆ ಅಳೀತೀರಲ್ಲ?" ಅಂತ ಕೇಳಿದ ಒಬ್ಬರಿಗೆ ಅರವತ್ತೆರಡೋ ಮೂರೋ ಕೆಜಿ ಇತ್ತು. ಸುತ್ತಳತೆ 91. ಉಪವಾಸದ ಇನ್ಸುಲಿನ್ ಮಾಡಿಸಿದರೆ ಇಪ್ಪತ್ತೆರಡರ ಆಸುಪಾಸು ಬಂತು, ಜಾಸ್ತಿಯೇ. ಪರೀಕ್ಷೆಗೆ ಆರೇಳುನೂರು ರೂಪಾಯಿ ಖರ್ಚು. ಇನ್ಸುಲಿನ್ನಿಗೆ ದೇಹ ಎಷ್ಟು ಮಣಿಯುತ್ತಿಲ್ಲ ಅಂತ ತಿಳಿಯಲು ಇನ್ಸುಲಿನ್ನನ್ನು ಉಪವಾಸದ ಸಕ್ಕರೆಯಿಂದ ಗುಣಿಸಿ 405ರಿಂದ ಭಾಗಿಸಿ ತೋರಿಸಿದೆ. ಐದರ ಹತ್ತಿರ, ಅದೂ ಜಾಸ್ತಿಯೇ. ಆ ಅಂಕಿ ನೋಡಿದ ಮೇಲೆ ಅವರು ಕ್ರೀಮ್ ಕೇಳಲಿಲ್ಲ.

ಈಗ ನಾನು ಮಾಡುವುದು. ಮೊದಲು ಸ್ಪಿರಿಟ್ ಹತ್ತಿಯಿಂದ ಕತ್ತು ಒರೆಸುತ್ತೇನೆ. ಕಪ್ಪು ಹತ್ತಿಗೆ ಬಂದರೆ ಅದು ಟೆರ್ರಾ ಫರ್ಮಾ, ಅಂದರೆ ಚರ್ಮದ ಮೇಲೆ ಅಂಟಿಕೊಂಡ ಪದರ ಅಷ್ಟೇ, ಅಲ್ಲಿಗೇ ಮುಗಿಯಿತು, ಮುಂದಿನದು ಬೇಡ. ಬರದಿದ್ದರೆ, ಕಪ್ಪು ಎಷ್ಟು ಹರಡಿದೆ ಅಂತ ನೋಡುವ ಬರ್ಕ್ ಅಳತೆಯಲ್ಲಿ ಕತ್ತಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಮುಂದಿನಿಂದಲೇ ಕಂಡರೆ ನಾಲ್ಕು. ಒಂದೇ ಟ್ಯೂಬ್‌ಲೈಟ್ ಕೆಳಗೆ, ಗಲ್ಲ ಒಂದೇ ಮಟ್ಟದಲ್ಲಿಟ್ಟು ಫೋಟೋ. ಇನ್ಸುಲಿನ್ ಏರಿದಾಗ ಮುಟ್ಟೂ ಏರುಪೇರಾಗಬಹುದು, ಹಾಗಾಗಿ ಹೆಣ್ಣುಮಕ್ಕಳಿಗೆ ಅದರ ವಿಷಯ ಕೇಳಲೇಬೇಕು.

ಉಜ್ಜುವುದನ್ನು ನಿಲ್ಲಿಸುವುದೇ ದೊಡ್ಡ ಕೆಲಸ. ಮನೆಯಲ್ಲಿ ಎಲ್ಲರೂ ಅದನ್ನು ಕೊಳೆ ಅಂದುಕೊಂಡಿರುತ್ತಾರೆ. ತೆಂಗಿನ ನಾರು, ಕಲ್ಲು, ಕಡಲೆಹಿಟ್ಟು, ಏನೂ ಬಿಟ್ಟಿರುವುದಿಲ್ಲ. ನಮ್ಮಂಥ ಚರ್ಮ ಉಜ್ಜಿದಷ್ಟೂ ಕಪ್ಪಾಗುತ್ತದೆ. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಹೇಳುತ್ತೇನೆ. ಮಗಳಿಗೆ ಮಾತ್ರ ಹೇಳಿದರೆ ಮನೆಯಲ್ಲಿ ಬೈಗುಳ ನಿಲ್ಲುವುದಿಲ್ಲ. ಇನ್ನು ಮೆಡಿಕಲ್ ಸ್ಟೋರಿನಿಂದ ತಂದ ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮ್ ಆ ದಿನವೇ ಬಂದ್.

ಹಚ್ಚುವುದಕ್ಕೆ ದಪ್ಪ ಚರ್ಮ ಮೆತ್ತಗಾಗಿಸುವ ಯೂರಿಯಾ ಮತ್ತು ಲ್ಯಾಕ್ಟಿಕ್ ಆಸಿಡ್, ರಾತ್ರಿ ವಾರಕ್ಕೆ ಮೂರು ಸಲ ಟ್ರೆಟಿನಾಯಿನ್ ಕ್ರೀಮ್ 0.025 ಪರ್ಸೆಂಟ್. ಯಾವುದನ್ನು ಎಷ್ಟು, ಯಾವುದರ ಮೇಲೆ ಯಾವುದು ಅನ್ನುವುದನ್ನು ಇಲ್ಲಿ ಬರೆಯಲ್ಲ. ನನ್ನ ಕ್ಲಿನಿಕ್‌ಗೆ ಬಂದು ಕೂತು ನೋಡಿದವರಿಗೆ ತೋರಿಸುತ್ತೇನೆ. ತಿಂಗಳಿಗೆ ನಾನೂರು ರೂಪಾಯಿ ಒಳಗೇ ಮುಗಿಯುತ್ತದೆ.

ಊಟದಲ್ಲಿ ನಾನು ಮುದ್ದೆ ಬಿಡಿಸುವುದಿಲ್ಲ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುವ ಸೀಮೆಯಲ್ಲಿ ಮುದ್ದೆ ಬಿಡಿ ಅಂದರೆ ಪೇಷೆಂಟೇ ಬಿಟ್ಟು ಹೋಗುತ್ತಾರೆ. ಒಂದು ಮುದ್ದೆ, ಜಾಸ್ತಿ ಸೊಪ್ಪು, ಕಾಳಿನ ಸಾರು. ಮುದ್ದೆ ಆದ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವುದು ಬೇಡ. ದಿನಕ್ಕೆ ಐದಾರು ಲೋಟ ಸಕ್ಕರೆ ಟೀ ಕುಡಿಯುವವರಿಗೆ ಎರಡು, ಸಕ್ಕರೆ ಇಲ್ಲದೆ. ಬೆಲ್ಲದ ಟೀ ಆದರೆ ಪರವಾಗಿಲ್ಲ ಅನ್ನುವ ನಂಬಿಕೆ ಮಂಡ್ಯದಲ್ಲಿ ಗಟ್ಟಿ. ಇನ್ಸುಲಿನ್‌ಗೆ ಬೆಲ್ಲವೂ ಸಕ್ಕರೆಯೇ.

ಮಂಡ್ಯದ ಒಬ್ಬ ಕಾಲೇಜು ಹುಡುಗನ ಕೇಸ್ ಹೇಳುತ್ತೇನೆ. 84 ಕೆಜಿ ಇದ್ದ, ಬರ್ಕ್ ಮೂರು. ಕಾಲರ್ ಇಲ್ಲದ ಅಂಗಿ ಹಾಕುತ್ತಿರಲಿಲ್ಲ. ಎರಡು ತಿಂಗಳು ಏನೂ ಕಾಣಲಿಲ್ಲ, ಅವನ ಅಪ್ಪ ಫೋನ್ ಮಾಡಿ ದುಡ್ಡು ವಾಪಸ್ ಕೇಳಿದರು. ನಾಲ್ಕನೇ ತಿಂಗಳು ಕೈಯಾಡಿಸಿದಾಗ ಆ ಮಖಮಲ್ಲಿನ ದಪ್ಪ ಇಳಿದಿತ್ತು, ಬಣ್ಣ ಇನ್ನೂ ಹಾಗೇ. ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಆಗಲೇ ಅವರ ಬೆರಳನ್ನೂ ಅಲ್ಲಿ ಇಡಿಸಿ ತೋರಿಸಬೇಕು. ಎಂಟೊಂಬತ್ತು ತಿಂಗಳಿಗೆ 76 ಕೆಜಿ, ಬರ್ಕ್ ಒಂದು. ಆ ಅಪ್ಪನೇ ಈಗ ತಮ್ಮ ಸ್ವಂತ ತಂಗಿಯನ್ನು ಕರೆದುಕೊಂಡು ಬಂದಿದ್ದಾರೆ.

ಇದರ ಮಧ್ಯೆ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ತೂಕ ಇರುವವರ ಚರ್ಮದಿಂದ ನೀರಿನಂಶ ಜಾಸ್ತಿ ಆರುತ್ತದೆ ಅನ್ನುವುದು ಗೊತ್ತೇ ಇದೆ. ಕೆಲವರಿಗೆ ಸ್ನಾನ ಆದ ತಕ್ಷಣ, ಮೈ ಒದ್ದೆ ಇರುವಾಗಲೇ ಒಂದು ಕಾಲಿಗೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಒಣಗಿದ ಮೇಲೆ ಹಚ್ಚಲು ಹೇಳಿದೆ. ಒದ್ದೆಗೆ ಹಚ್ಚಿದ ಕಾಲಿನ ಬಿರುಕು ಎರಡು ವಾರದಲ್ಲೇ ತಗ್ಗಿತು. ಬೈಲಕುಪ್ಪೆಯವರ ಬಂಗಿನ ಮೇಲೂ ಒಂದು ನೋಡುತ್ತಿದ್ದೇನೆ, ಅದಿನ್ನೂ ಹೇಳುವ ಹಂತಕ್ಕೆ ಬಂದಿಲ್ಲ.

ಟೇಪ್ ಪಕ್ಕಕ್ಕಿಡಬೇಕಾದ ಒಂದು ಸಂದರ್ಭ ಇದೆ. ವಯಸ್ಸಾದವರು, ತೂಕ ತಾನಾಗಿ ಇಳಿಯುತ್ತಿದೆ, ಕತ್ತು ಮಾತ್ರ ಕೆಲವೇ ವಾರಗಳಲ್ಲಿ ಕಪ್ಪಾಗಿದೆ, ಅಂಗೈ, ತುಟಿಯೂ ದಪ್ಪವಾಗಿದೆ ಅಂದರೆ ಇನ್ಸುಲಿನ್ ಹುಡುಕುತ್ತಾ ಕೂರಬೇಡಿ. ಹೊಟ್ಟೆಯ ಕ್ಯಾನ್ಸರ್ ಇರಬಹುದು. ಅದೇ ವಾರ ಎಂಡೋಸ್ಕೋಪಿಗೆ ಕಳಿಸಿ.