ಅವರೆಕಾಳು ಹಿದುಕುತ್ತಾ ಹೇಳಿದ ಮಾತು

ಅಂಚೆಯಲ್ಲಿ ಬಂದ ಯುಡಿಐಡಿ ಕಾರ್ಡನ್ನು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯನ್ನು, ನನಗಿಂತ ಮೊದಲು ಓದಿದವನು ನನ್ನ ಒಂಬತ್ತು ವರ್ಷದ ಮಗ. ಔಷಧಿ ಡಬ್ಬಿ, ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಅಕ್ಷರ ಕಂಡರೆ ಬಿಡುವವನಲ್ಲ. "ಅಮ್ಮ, ಡಿಸೆಬಿಲಿಟಿ ಎಂದರೇನು? ಇದರಲ್ಲಿ ನನ್ನ ಫೋಟೋ ಏಕಿದೆ?" ಎಂದ. "ರಿಯಾಯಿತಿಗೆ ಬೇಕಾಗುವ ಕಾರ್ಡು" ಎಂದು ಹೇಳಿ ಒಳಗೆ ಹೋದೆ. ಸುಳ್ಳಲ್ಲ, ತಪ್ಪಿಸಿಕೊಂಡದ್ದು.

ಭಾನುವಾರ ಅವನನ್ನು ಎದುರಿಗೆ ಕೂರಿಸಿಕೊಂಡು, ಬರೆದಿಟ್ಟುಕೊಂಡಿದ್ದನ್ನು ಹೇಳತೊಡಗಿದೆ. ಎರಡನೆಯ ವಾಕ್ಯಕ್ಕೇ ಕಿವಿ ಮುಚ್ಚಿಕೊಂಡ. ಕೆಟ್ಟ ಸುದ್ದಿ ಬರುತ್ತಿದೆ ಎಂದು ನನ್ನ ಮುಖವೇ ಸಾರಿರಬೇಕು.

ಡಿಸೆಂಬರ್, ಅವರೆಕಾಯಿಯ ಕಾಲ. ನೆನೆದ ಕಾಳನ್ನು ಹಿದುಕಿ ಬೇಳೆ ಚಿಮ್ಮಿಸುವುದೆಂದರೆ ಅವನಿಗೆ ಪ್ರಾಣ. ಪಕ್ಕಪಕ್ಕ ಕುಳಿತಿದ್ದೆವು, ಮುಖ ನೋಡಿ ಮಾತಾಡುವ ಗೋಜಿಲ್ಲ. ಅವನೇ ಕೇಳಿದ: "ಮಿಕ್ಸಿ ಶಬ್ದಕ್ಕೆ ಅಕ್ಕ ಏಕೆ ಹೆದರುವುದಿಲ್ಲ?"

"ನಿನ್ನ ಕಿವಿಗೆ ಅದು ತುಂಬ ಜೋರು. ಬಸ್ ನಂಬರುಗಳೆಲ್ಲ ನಿನಗೆ ನೆನಪಿರುತ್ತವೆ, ಅವಳಿಗಿಲ್ಲ. ಟೀಚರ್ ತಮಾಷೆಗೆ ಹೇಳಿದ್ದನ್ನು ನೀನು ನಿಜವೆಂದುಕೊಳ್ಳುತ್ತೀಯ. ಮಿದುಳು ಹೀಗೆ ಕೆಲಸ ಮಾಡುವುದಕ್ಕೆ ಆಟಿಸಂ ಎನ್ನುತ್ತಾರೆ. ಕಾರ್ಡಿನಲ್ಲಿರುವುದು ಅದೇ."

"ಜ್ವರದ ಹಾಗೆ ಹೋಗುತ್ತದೆಯೇ?"

"ಇಲ್ಲ, ಇದು ಇರುತ್ತದೆ. ಕಷ್ಟವಾದ ಕಡೆ ನಾವು ಜೊತೆಗಿರುತ್ತೇವೆ."

ಹತ್ತು ಹನ್ನೆರಡು ಕಾಳು ಹಿದುಕುವವರೆಗೆ ಅವನು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ, ನನಗೆ ಅತಿ ಕಷ್ಟವಾದದ್ದು ಅದೇ. 'ದೇವರು ಕೊಟ್ಟ ವಿಶೇಷ ಶಕ್ತಿ' ಎನ್ನಲು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾಳೆ ಖೋ ಖೋ ಆಟಕ್ಕೆ ಯಾರೂ ಸೇರಿಸಿಕೊಳ್ಳದಿದ್ದರೆ ಆ ಶಕ್ತಿ ಎಲ್ಲಿ ಹೋಯಿತು ಎಂದು ಕೇಳುವ ಹುಡುಗ ಅವನು.

ಕನ್ನಡದಲ್ಲಿ ಏನೆನ್ನುತ್ತಾರೆ ಎಂದ. ಸ್ವಲೀನತೆ ಎಂದು ಬಿಡಿಸಿ ಹೇಳಿದ್ದೇ ತಡ, "ನಾನು ನನ್ನೊಳಗೆ ಲೀನವಾಗಿಲ್ಲ, ಇಲ್ಲೇ ಇದ್ದೇನೆ" ಎಂದು ಸಿಟ್ಟಾದ. ಸರಿಯಾಗಿಯೇ ಹೇಳಿದ. ಆ ಪದವನ್ನು ನಮ್ಮ ಮನೆಯಲ್ಲಿ ಅಂದೇ ಕೈಬಿಟ್ಟೆವು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಇಂಥ 21 ಬಗೆಗಳಿವೆ ಎಂದಾಗ ಮಾತ್ರ ಮುಖ ಅರಳಿತು; ಪಟ್ಟಿಗಳೆಂದರೆ ಅವನಿಗೆ ಹಬ್ಬ. ಉಳಿದ 20ನ್ನೂ ಮೊಬೈಲಿನಲ್ಲಿ ತೆಗೆಸಿ, ಎರಡು ಸಲ ಗಟ್ಟಿಯಾಗಿ ಓದಿದ.

ರಾತ್ರಿ ನಮ್ಮ ಅತ್ತೆ, "ಮಗುವಿಗೆ ಇದನ್ನೆಲ್ಲ ಹೇಳಬಾರದಿತ್ತು" ಎಂದು ನನ್ನನ್ನು ಗದರಿದರು. ಊಟದ ತಟ್ಟೆಯಿಂದ ತಲೆಯೆತ್ತದೆ ಅವನು ಹೇಳಿದ: "ಅಜ್ಜಿ, ಕಿವಿ ಕೇಳಿಸದಿರುವುದೂ ಪಟ್ಟಿಯಲ್ಲಿದೆ. ನೀನೂ ಕಾರ್ಡು ಮಾಡಿಸಿಕೋ."

ಅವರಿಗೆ ಕೇಳಿಸಲಿಲ್ಲ. ಅವನು ಇನ್ನೊಮ್ಮೆ ಜೋರಾಗಿ ಹೇಳಿದ.